ಕೆಡವಿದ ಮನೆಗೂ ಒಂದು ತೂಕದ ಚೀಟಿ ಇರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈಗ ಬೀದಿಗೊಂದು ಮನೆಯನ್ನು ಕೆಡವುತ್ತಿರುತ್ತಾರೆ. ಅಲ್ಲಿ ಏಳಲಿರುವ ಕಟ್ಟಡದ ನಕ್ಷೆ, ಸೆಟ್‌ಬ್ಯಾಕ್, ಮಹಡಿಗಳ ಲೆಕ್ಕವನ್ನೆಲ್ಲ ಆಡಳಿತ ಕೇಳುತ್ತದೆ. ಕೆಡವಿದ ಮನೆ ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಅದನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳಲಿಲ್ಲ ಎಂಬ ಕೊರಗಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ, ಮೂವತ್ತು–ನಲವತ್ತರ ನಿವೇಶನದಲ್ಲಿ ತಂದೆಯವರು ಕಟ್ಟಿಸಿದ್ದ ಮನೆಯನ್ನು ನಾವು ಕೆಡವಿಸಿದೆವು. ಒಡೆಯುವ ಕೆಲಸ ವಹಿಸಿಕೊಂಡವರು ಮೊದಲು ತೇಗದ ಬಾಗಿಲು, ಕಿಟಕಿಗಳನ್ನು ಬಿಚ್ಚಿ ಹಳೆಯ ಮರದ ಅಂಗಡಿಗೆ ಸಾಗಿಸಿದರು. ಕಬ್ಬಿಣ ಗುಜರಿಗೆ ಹೋಯಿತು, ತಳಪಾಯದ ಸೈಜುಗಲ್ಲನ್ನು ಯಾರೋ ಕಾಂಪೌಂಡ್ ಗೋಡೆಗೆಂದು ಕೊಂಡೊಯ್ದರು, ಗಾರೆ ಕೆರೆದು ಜೋಡಿಸಿಟ್ಟ ಇಟ್ಟಿಗೆಯಲ್ಲೂ ಒಂದಷ್ಟು ಮಾರಾಟವಾಯಿತು. ಬೆಲೆಯಿದ್ದ ಪ್ರತಿ ವಸ್ತುವಿಗೂ ಹೋಗಲು ಒಂದು ಜಾಗವಿತ್ತು. ಕೊನೆಗೆ ಉಳಿದದ್ದು ಆರ್‌ಸಿಸಿ ತುಂಡು, ಪ್ಲಾಸ್ಟರ್, ಒಡೆದ ಇಟ್ಟಿಗೆ ಮತ್ತು ಮಣ್ಣು. ‘ಅದರ ಚಿಂತೆ ನಿಮಗೆ ಬೇಡ ಸಾರ್, ರಾತ್ರಿ ಎತ್ತಿಸ್ತೀವಿ’ ಎಂದು ಮೇಸ್ತ್ರಿ ಹೇಳಿದಾಗ ನಾನು ಮರುಮಾತಾಡಲಿಲ್ಲ.

ಕೆಲವು ವಾರಗಳ ಬಳಿಕ, ಬೆಳಗಿನ ವಾಕಿಂಗ್ ಹೊತ್ತಿನಲ್ಲಿ, ಮನೆಯಿಂದ ಎರಡು ಕಿಲೋಮೀಟರ್ ದೂರದ ರಾಜಕಾಲುವೆಯ ದಡದಲ್ಲಿ ಕೆಂಪು ಗಾರೆಯ ನೆಲದ ದೊಡ್ಡ ತುಂಡೊಂದು ಕಣ್ಣಿಗೆ ಬಿತ್ತು. ಅದರ ಅಂಚಿನಲ್ಲಿ ನಾಲ್ಕು ಬೆರಳಗಲದ ಹಸಿರು ಪಟ್ಟಿ ಇತ್ತು. ಅದು ನಮ್ಮ ದೇವರ ಮನೆಯ ನೆಲ. ಆ ಪಟ್ಟಿಯ ಪಕ್ಕದಲ್ಲೇ ತಾಯಿಯವರು ದಿನವೂ ರಂಗೋಲಿ ಹಾಕುತ್ತಿದ್ದರು. ನಮ್ಮ ಮನೆಯದೂ ಇನ್ನೆಷ್ಟೋ ಮನೆಗಳದೂ ಬೆರೆತ ರಾಶಿ ಇಳಿಜಾರಾಗಿ ನೀರಿನವರೆಗೂ ಜಾರಿತ್ತು, ಅಷ್ಟು ದೂರ ಕಾಲುವೆ ಕಣ್ಣಿಗೆ ಕಾಣುವಂತೆ ಕಿರಿದಾಗಿತ್ತು.

ಒಂದು ಮನೆಯಿಂದ ಎಷ್ಟು ಅವಶೇಷ ಬರಬಹುದು ಎಂಬುದಕ್ಕೆ ಕೇಂದ್ರ ಸರ್ಕಾರದ ಟೈಫ್ಯಾಕ್ ಸಂಸ್ಥೆ ಹಿಂದೆಯೇ ಅಂದಾಜು ಕೊಟ್ಟಿದೆ. ಹೊಸದಾಗಿ ಕಟ್ಟುವಾಗ ಪ್ರತಿ ಚದರ ಮೀಟರಿಗೆ 40ರಿಂದ 60 ಕಿಲೋ ತ್ಯಾಜ್ಯ ಬಂದರೆ, ಪಕ್ಕಾ ಕಟ್ಟಡವನ್ನು ಕೆಡವುವಾಗ ಅದು ಸುಮಾರು 500 ಕಿಲೋ ಆಗುತ್ತದೆ. ಅಂದರೆ ಸಾವಿರ ಚದರಡಿಯ ಸಾಧಾರಣ ಮನೆಯೊಂದರಿಂದಲೇ 46 ಟನ್ನಿನಷ್ಟು. ಟ್ರ್ಯಾಕ್ಟರಿಗೆ ನಾಲ್ಕು ಟನ್ನಿನಂತೆ ತುಂಬಿದರೂ ಹನ್ನೆರಡು ಲೋಡು ಬೇಕು. ಬೀದಿಗೊಂದು ಮನೆ ಒಡೆಯುವ ಊರಿನಲ್ಲಿ ಇದರ ಮೊತ್ತವೆಷ್ಟೆಂದು ಓದುಗರೇ ಊಹಿಸಬಹುದು.

ನಿಯಮ ಇಲ್ಲವೆಂದಲ್ಲ. ಕಟ್ಟಡ ನಿರ್ಮಾಣ ಮತ್ತು ಕೆಡವಿದ ತ್ಯಾಜ್ಯದ ನಿರ್ವಹಣೆಗಾಗಿಯೇ 2016ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿಯಮಾವಳಿ ಹೊರಡಿಸಿತು. ರಸ್ತೆಗೆ, ಚರಂಡಿಗೆ ಸುರಿಯಬಾರದೆಂಬ ನಿರ್ಬಂಧ ಅದರಲ್ಲಿ ಎಲ್ಲರಿಗೂ ಇತ್ತು. ಆದರೆ ತ್ಯಾಜ್ಯವನ್ನು ಕಾಂಕ್ರೀಟು, ಮಣ್ಣು, ಕಬ್ಬಿಣ–ಮರ–ಪ್ಲಾಸ್ಟಿಕ್ಕು, ಇಟ್ಟಿಗೆ–ಗಾರೆ ಎಂದು ಬೇರ್ಪಡಿಸಿ, ನಿರ್ವಹಣೆಯ ಯೋಜನೆ ಸಲ್ಲಿಸಿ, ಕೆಲಸಕ್ಕೆ ಮುನ್ನ ಒಪ್ಪಿಗೆ ಪಡೆಯಬೇಕಾದ ಹೊಣೆ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ಉತ್ಪಾದಿಸುವವರಿಗಷ್ಟೇ ಇತ್ತು. 2025ರಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ರಿಂದ ಜಾರಿಯೆಂದು ನಿಗದಿಯಾದ ಹೊಸ ನಿಯಮಗಳು ನಿರ್ಮಾಪಕರ ಮೇಲೆ ಹೊರಿಸುವ ಮರುಬಳಕೆಯ ಗುರಿಯೂ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚು ವಿಸ್ತೀರ್ಣದ ಯೋಜನೆಗಳಿಗೆ ಸಂಬಂಧಿಸಿದ್ದು. ದೊಡ್ಡವರನ್ನು ಹೊಣೆ ಮಾಡಿದ್ದು ಸರಿಯೇ. ಆದರೆ ರಾತ್ರೋರಾತ್ರಿ ಕೆರೆಯಂಚಿಗೆ ಬೀಳುವ ಲೋಡುಗಳು ನಮ್ಮಂಥ ಸಣ್ಣ ನಿವೇಶನದಾರರ ಮನೆಗಳವು, ಮತ್ತು ನಮ್ಮ 46 ಟನ್ನನ್ನು ಕೆಡವುವ ಮೊದಲು ಲೆಕ್ಕ ಕೇಳುವ ವ್ಯವಸ್ಥೆ ನನಗೆಲ್ಲೂ ಕಂಡಿಲ್ಲ.

ಟ್ರ್ಯಾಕ್ಟರ್ ಚಾಲಕನನ್ನು ದೂರುವುದು ಸುಲಭ. ನಗರದ ಉತ್ತರ ತುದಿಯ ಚಿಕ್ಕಜಾಲದಲ್ಲಿ ಸಂಸ್ಕರಣಾ ಘಟಕವಿದೆ. ಜಯನಗರದಿಂದ ಅಲ್ಲಿಗೆ ಹೋಗಲು ಇಡೀ ಊರನ್ನೇ ದಾಟಬೇಕು, ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೇರೆ. ಲೋಡಿಗೆ ಇಷ್ಟು ಎಂದು ಮಾತಾಡಿಕೊಂಡವನು ಅಷ್ಟು ಡೀಸೆಲ್ ಸುಟ್ಟು ಹೋಗುವುದಿಲ್ಲ, ಹತ್ತಿರದ ಖಾಲಿ ಸೈಟು, ಕೆರೆಯಂಗಳ, ಕಾಲುವೆ ಎಲ್ಲಿದೆಯೆಂದು ನೋಡುತ್ತಾನೆ. ಹಾಗೆ ಬಿದ್ದ ರಾಶಿಯ ಪುಡಿ ಮೊದಲ ಮಳೆಗೇ ತೊಳೆದುಹೋಗಿ ಕಾಲುವೆಯ ತಳ ಸೇರುತ್ತದೆ. ಮೇಲುಳಿದದ್ದು ಗಟ್ಟಿಯಾಗಿ ನೆಲವಾಗುತ್ತದೆ, ಆ ನೆಲಕ್ಕೆ ಒಂದು ದಿನ ಬೇಲಿ ಬರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ನಾವೆಲ್ಲ ಒತ್ತುವರಿಯ ಬಗ್ಗೆ ಮಾತಾಡಿದೆವು. ಒತ್ತುವರಿ ಎಷ್ಟೋ ಕಡೆ ಇಂಥ ಒಂದು ಲೋಡು ಅವಶೇಷದಿಂದಲೇ ಶುರುವಾಗುತ್ತದೆ ಎಂಬುದು ಆಗ ನಮ್ಮ ಮಾತಿನಲ್ಲಿ ಬರಲಿಲ್ಲ.

ನನಗೆ ಹೆಚ್ಚು ನೋವಾಗುವುದು ಇದು ಕಸವೇ ಅಲ್ಲ ಎಂಬ ಕಾರಣಕ್ಕೆ. ಕಾಂಕ್ರೀಟನ್ನು ಕ್ರಷರಿಗೆ ಹಾಕಿ, ಅಯಸ್ಕಾಂತದಿಂದ ಕಬ್ಬಿಣ ಬೇರ್ಪಡಿಸಿ, ಜರಡಿ ಹಿಡಿದು ತೊಳೆದರೆ ಜಲ್ಲಿಯೂ ಮರಳೂ ಸಿಗುತ್ತವೆ. ಅವುಗಳಿಂದ ಪೇವರ್ ಬ್ಲಾಕು, ಪಾದಚಾರಿ ಮಾರ್ಗದ ಅಂಚುಗಲ್ಲು ತಯಾರಾಗುತ್ತವೆ. ಇದಕ್ಕೆ ಭಾರತೀಯ ಮಾನಕ ಐಎಸ್ 383 ತನ್ನ 2016ರ ಪರಿಷ್ಕರಣೆಯಲ್ಲಿ ಮನ್ನಣೆ ಕೊಟ್ಟಿದೆ: ಕಬ್ಬಿಣವಿಲ್ಲದ ಸಾದಾ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ25 ದರ್ಜೆಯವರೆಗಿನ (ಇದು ಕಾಂಕ್ರೀಟಿನ ಬಲದ ಅಳತೆ) ಆರ್‌ಸಿಸಿಯಲ್ಲಿ ಶೇ 20ರವರೆಗೆ ಹಳೆಯ ಕಾಂಕ್ರೀಟಿನ ಜಲ್ಲಿ ಬಳಸಬಹುದು. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇಂಥ ಘಟಕ ನಡೆಯುತ್ತಿದೆ. ಸುಪ್ರೀಂ ಕೋರ್ಟಿನ ಹೆಚ್ಚುವರಿ ಕಟ್ಟಡಕ್ಕೆ ಮರುಬಳಕೆಯ ಬ್ಲಾಕುಗಳನ್ನು ಬಳಸಲಾಗಿದೆ. ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಆಗಿಬಂದ ಸಾಮಗ್ರಿ ನಮ್ಮ ವಾರ್ಡಿನ ಫುಟ್‌ಪಾತಿಗೆ ಆಗದೇ? ಅದು ಬಿಟ್ಟು ನಾವು ಚಿಕ್ಕಬಳ್ಳಾಪುರದ ಬೆಟ್ಟಗಳನ್ನು ಸಿಡಿಸಿ ಹೊಸ ಜಲ್ಲಿ ತರುತ್ತಿದ್ದೇವೆ, ಹಳೆಯದನ್ನು ಕೆರೆಗೆ ತುಂಬುತ್ತಿದ್ದೇವೆ.

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಈಗ ಐದು ನಗರಪಾಲಿಕೆಗಳಿವೆ. ಪ್ರತಿ ಪಾಲಿಕೆಯ ವ್ಯಾಪ್ತಿಯಲ್ಲೂ ವಾಹನಗಳನ್ನು ಲೋಡಿನ ಸಮೇತ ತೂಗುವ ವೇಬ್ರಿಡ್ಜ್ ಇರುವ ಕೆಲವು ಸಂಗ್ರಹ ಕೇಂದ್ರಗಳನ್ನು ತೆರೆದು, ಟ್ರ್ಯಾಕ್ಟರಿನವರು ನಾಲ್ಕೈದು ಕಿಲೋಮೀಟರಿನೊಳಗೆ ಲೋಡು ಇಳಿಸುವಂತೆ ಮಾಡಬೇಕು. ಅಲ್ಲಿಂದ ಘಟಕಕ್ಕೆ ದೊಡ್ಡ ಟಿಪ್ಪರುಗಳಲ್ಲಿ ಸಾಗಿಸುವುದು ಪಾಲಿಕೆಯ ಕೆಲಸವಾಗಲಿ. ಪಾಲಿಕೆಗಳ ಟೆಂಡರುಗಳಲ್ಲಿ ಮರುಬಳಕೆಯ ಬ್ಲಾಕಿನ ಪ್ರಮಾಣವನ್ನು ಕಡ್ಡಾಯವಾಗಿ ನಮೂದಿಸದಿದ್ದರೆ ಘಟಕದಲ್ಲಿ ತಯಾರಾದದ್ದು ಅಲ್ಲೇ ರಾಶಿ ಬೀಳುತ್ತದೆ ಎಂಬುದನ್ನೂ ಮರೆಯಬಾರದು. ಮುಖ್ಯವಾಗಿ, ಐವತ್ತು–ಎಂಬತ್ತು ಅಡಿ ಅಳತೆಯವರೆಗಿನ ನಿವೇಶನಗಳಿಗೆ, ತಜ್ಞರ ದೃಢೀಕರಣವನ್ನು ನಂಬಿ ಮನೆಯ ನಕ್ಷೆ ಒಪ್ಪುವ ‘ನಂಬಿಕೆ ನಕ್ಷೆ’ ಯೋಜನೆಯಡಿ ಅನುಮೋದನೆ ಕೊಡುವಾಗ, ಅಲ್ಲಿ ಹಳೆಯ ಕಟ್ಟಡವಿದ್ದರೆ ಅದರ ವಿಸ್ತೀರ್ಣಕ್ಕೆ ತಕ್ಕಂತೆ ಠೇವಣಿ ಕಟ್ಟಿಸಿಕೊಳ್ಳಲಿ. ಅಷ್ಟು ಟನ್ನಿಗೆ ಸಂಗ್ರಹ ಕೇಂದ್ರದ ತೂಕದ ಚೀಟಿ ತೋರಿಸಿದವರಿಗೆ ಠೇವಣಿಯನ್ನು ಪೂರ್ತಿ ಹಿಂದಿರುಗಿಸಲಿ. ಮಾರಿದ ಕಲ್ಲು, ಇಟ್ಟಿಗೆ, ಮರದ ತೂಕವನ್ನು ಕಳೆಯಲು ಅವಕಾಶವಿರಲಿ. ಆರೋಗ್ಯಕ್ಕೆ ಅಪಾಯಕಾರಿಯಾದ ಒಡೆದ ಕಲ್ನಾರು (ಆಸ್ಬೆಸ್ಟಾಸ್) ಶೀಟುಗಳನ್ನು ಮಾತ್ರ ಇದರೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಪಡೆಯಲಿ.

ಆ ದಿನ ಮೇಸ್ತ್ರಿ ನನ್ನ ಮುಂದೆ ಇಂಥದೊಂದು ಚೀಟಿ ಇಟ್ಟಿದ್ದರೆ, ಅದಕ್ಕಾಗಿ ಲೋಡಿಗೆ ಇನ್ನೂ ಕೆಲವು ನೂರು ರೂಪಾಯಿ ಕೇಳಿದ್ದರೂ ಸಂತೋಷದಿಂದ ಕೊಡುತ್ತಿದ್ದೆ. ಮನೆ ಕಟ್ಟಿಸಲು ಮುಂದಾದ ಹೆಚ್ಚಿನವರು ಕೊಡುತ್ತಾರೆ ಎಂಬ ನಂಬಿಕೆ ನನಗಿದೆ. ಐದೂ ಪಾಲಿಕೆಗಳ ನಗರ ಯೋಜನಾ ವಿಭಾಗಗಳು ಈ ಮಳೆಗಾಲಕ್ಕೆ ಮೊದಲೇ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ಬೆಂಗಳೂರು ದಕ್ಷಿಣ