ಗಂಟು ಸಣ್ಣದೆಂದು ಆಪರೇಷನ್ನೇ ಬೇಡವೇ?

ಮಾನ್ಯ ಸಂಪಾದಕರೇ,

ಆರಂಭದ ಹಂತದ ಶ್ವಾಸಕೋಶ ಕ್ಯಾನ್ಸರಿಗೆ ಇನ್ನು ಆಪರೇಷನ್ ಬೇಕಿಲ್ಲ, ಮೂರು ನಾಲ್ಕು ಸಲದ ವಿಕಿರಣವೇ ಸಾಕು ಎಂಬ ತಮ್ಮ ಭಾನುವಾರದ ವರದಿಯನ್ನು ನಮ್ಮ ತಂದೆಯವರು ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ನಲವತ್ತು ವರ್ಷ ಬೀಡಿ ಸೇದಿದ ಅವರಿಗೆ ಕೆಮ್ಮು, ನೋವು ಏನೂ ಇಲ್ಲದಿದ್ದಾಗಲೇ, ನನ್ನ ಒತ್ತಾಯಕ್ಕೆ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಒಂದೂವರೆ ಸೆಂಟಿಮೀಟರಿನ ಗಂಟು ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿ ಆಪರೇಷನ್ನಿಗೆ ದಿನವೂ ಗೊತ್ತಾಗಿದೆ. ಈಗ ಅವರು ಆಸ್ಪತ್ರೆಗೇ ಬರಲೊಲ್ಲರು.

ವರದಿ ಆಧರಿಸಿರುವ ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ 2021ರ ಅಧ್ಯಯನದಲ್ಲಿ, ವಿಕಿರಣ ಪಡೆದವರು, ಆಪರೇಷನ್ ಆದವರು ಎಂಬ ಎರಡೂ ಗುಂಪಿನಲ್ಲಿ ಮೂರು ವರ್ಷದ ನಂತರವೂ ಬದುಕಿದ್ದವರು ಶೇ 91 ಎಂಬುದು ನಿಜ. ಆದರೆ ವಿಕಿರಣ ಪಡೆದವರು 80 ಮಂದಿ ಮಾತ್ರ, ಅವರನ್ನು ಹೋಲಿಸಿದ್ದು ಅದೇ ಆಸ್ಪತ್ರೆಯಲ್ಲಿ ಬೇರೆಯಾಗಿ ಆಪರೇಷನ್ ಆದವರೊಡನೆ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿ ಹಂಚಿದ ಪರೀಕ್ಷೆ ಅದಲ್ಲ. ಹಾಗೆ ಹಂಚಿ ನೋಡಲು ಹೊರಟ ಹಿಂದಿನ ಎರಡು ಪ್ರಯೋಗಗಳು ರೋಗಿಗಳು ಸಾಲದೆ ಅರ್ಧಕ್ಕೇ ನಿಂತವು. ಎರಡನ್ನೂ ಕೂಡಿಸಿದರೆ ಸಿಕ್ಕವರು 58 ಮಂದಿ. ಇದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ. ಆಪರೇಷನ್ನಿನಲ್ಲಿ ಸುತ್ತಲ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ಪರೀಕ್ಷಿಸುವುದರಿಂದ ಸ್ಕ್ಯಾನಿಗೆ ಕಾಣದ ಹರಡುವಿಕೆ ಪತ್ತೆಯಾಗಬಹುದು, ವಿಕಿರಣದಲ್ಲಿ ಆ ಅವಕಾಶವಿಲ್ಲ ಎಂಬುದೂ ಇಲ್ಲ. ಹೃದಯ, ಶ್ವಾಸಕೋಶ ದುರ್ಬಲವಾಗಿ ಆಪರೇಷನ್ ತಡೆಯಲಾರದವರಿಗೆ ವಿಕಿರಣ ದೊಡ್ಡ ವರವೆಂದು ನಾನೂ ಒಪ್ಪುತ್ತೇನೆ; ನಮ್ಮ ತಂದೆಯವರು ಇಂದಿಗೂ ತೋಟಕ್ಕೆ ತಾವೇ ನೀರು ಕಟ್ಟುತ್ತಾರೆ. ಅರ್ಧ ಶ್ವಾಸಕೋಶವೇ ಹೋಗುತ್ತದೆಂಬುದು ಅವರ ಭಯ. ಎರಡು ಸೆಂಟಿಮೀಟರಿನೊಳಗಿನ, ಶ್ವಾಸಕೋಶದ ಅಂಚಿನಲ್ಲಿರುವ ಗಂಟಿಗೆ ಇಡೀ ಹಾಲೆಯ (ಶ್ವಾಸಕೋಶದ ದೊಡ್ಡ ವಿಭಾಗ, ಲೋಬ್) ಬದಲು ಅದರ ಒಂದು ಭಾಗ ತೆಗೆದರೂ ಸಾಕೆಂದು 1,106 ರೋಗಿಗಳನ್ನು ಹಾಗೆಯೇ ಹಂಚಿ ನೋಡಿದ ಜಪಾನಿನ ಪ್ರಯೋಗ 2022ರಲ್ಲಿ ತೋರಿಸಿದೆ. ಅದನ್ನು ಬರೆದಿದ್ದರೆ ಅವರಿಗೆ ಎಷ್ಟೋ ಧೈರ್ಯ ಬರುತ್ತಿತ್ತು.

ನಿನ್ನೆ ನಾನೊಬ್ಬಳೇ ಬೆಳಗಿನ ನಾಲ್ಕರ ಬಸ್ಸಿಗೆ ಹೊರಟು ಆಸ್ಪತ್ರೆಯಲ್ಲಿ 61ನೇ ಟೋಕನ್ ಹಿಡಿದು ನಿಂತೆ. ಶಸ್ತ್ರಚಿಕಿತ್ಸೆಯವರು ವಿಕಿರಣದವರನ್ನು ಕೇಳಿ ಎಂದರು. ಇನ್ನೊಂದು ಕಟ್ಟಡದಲ್ಲಿದ್ದ ಅವರ ಕಂಪ್ಯೂಟರಿನಲ್ಲಿ ನಮ್ಮ ಸಿ.ಡಿ. ತೆರೆಯಲಿಲ್ಲ, ಫಿಲ್ಮ್ ತೆಗೆಸಿಕೊಂಡು ಬರುವಷ್ಟರಲ್ಲಿ ವೈದ್ಯರು ಹೊರಟುಹೋಗಿದ್ದರು. ಕೊನೆಗೆ ಕಿರಿಯ ವೈದ್ಯರೊಬ್ಬರು, ಮನೆಯವರೇ ಕೂತು ತೀರ್ಮಾನಿಸಿ ಬನ್ನಿ ಎಂದರು. ಓದಿದವರು ಎದುರುಬದುರು ಕೂತು ಆಡಬೇಕಾದ ಮಾತನ್ನು ನಾವು ಅಡುಗೆಮನೆಯಲ್ಲಿ ಆಡಬೇಕೇ? ಎರಡು ವರ್ಷದ ಹಿಂದೆ ತಾಯಿಯವರ ಚಿಕಿತ್ಸೆಗೆ ಆರೋಗ್ಯ ಕರ್ನಾಟಕ ಯೋಜನೆಯ ಒಂದು ಶಿಫಾರಸು ಪತ್ರಕ್ಕಾಗಿ ಸರ್ಕಾರಿ ಆಸ್ಪತ್ರೆಗೆ ಮೂರು ಬಾರಿ ಅಲೆದಾಗಲೂ, ಸಹಿ ಹಾಕಬೇಕಾದವರು ಹೀಗೆಯೇ ಒಬ್ಬರ ಮೇಲೊಬ್ಬರು ಹಾಕಿ ಕೈತೊಳೆದುಕೊಂಡಿದ್ದರು. ಅಧಿಕಾರಿಗಳಿಗೆ ಸಾಮಾನ್ಯ ಜನರ ದಿನಗಳಿಗೆ ಬೆಲೆಯೇ ಇಲ್ಲ.

ತಾವು ಆ ವರದಿಯ ಉಳಿದರ್ಧವನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕು. ಎರಡೂ ವಿಭಾಗದ ವೈದ್ಯರು ರೋಗಿಯನ್ನು ಒಟ್ಟಿಗೆ ಕೂರಿಸಿಕೊಂಡು ಹೇಳುವಂತೆ ಆರೋಗ್ಯ ಇಲಾಖೆಯವರು ಮಾಡಬೇಕು, ಇಲ್ಲವೇ ಏನಾದರೊಂದು ವ್ಯವಸ್ಥೆಯನ್ನು ಬೇಗ ಮಾಡಬೇಕು. ತಂದೆಯವರ ಆಪರೇಷನ್ನಿಗೆ ಗೊತ್ತಾಗಿರುವುದು ಬರುವ ಗುರುವಾರ.

ಇತಿ,
ಓರ್ವ ಓದುಗಳು, ಹಾಸನ ಜಿಲ್ಲೆ