ಮಕ್ಕಳು ಮನೆಯಲ್ಲಿ ಸಾಕುತ್ತಿರುವ ಚಿಟ್ಟೆ ಹುಳುಗಳ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಐದನೇ ತರಗತಿಯ ಹುಡುಗಿಯೊಬ್ಬಳ ಕಣ್ಣಿಗೆ ಎಕ್ಕದ ಹಾಲು ತಾಗಿತು. ಮನೆಯಲ್ಲಿ ಸಾಕಿದ್ದ ಹುಳುವಿಗೆ ಎಲೆ ಕೀಳಲು ಹೋಗಿ ಆದದ್ದು. ಅವಳ ತಾಯಿ ಕೂಡಲೇ ಕಣ್ಣು ತೊಳೆಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಈಗ ಹುಷಾರಾಗಿದ್ದಾಳೆ, ಶಾಲೆಗೂ ಬರುತ್ತಿದ್ದಾಳೆ. ಆಮೇಲೆ ಫೋನು ಮಾಡಿದವರಲ್ಲಿ ಕೆಲವರು "ಈ ಹುಳದ ಕಾಟ ನಿಲ್ಲಿಸಿ" ಎಂದರು. ಇನ್ನು ಕೆಲವರು "ಮಕ್ಕಳು ಮೊಬೈಲ್ ಬಿಟ್ಟು ಇದನ್ನು ನೋಡ್ತಿದ್ದಾರೆ, ದಯವಿಟ್ಟು ನಿಲ್ಲಿಸಬೇಡಿ" ಎಂದರು. ಇಬ್ಬರಿಗೂ ಸೇರಿಸಿ ಈ ಪತ್ರ.

ಶಾಲೆಯೇ ಹುಳು ಹಂಚಿತು ಎಂಬ ಮಾತು ಸರಿಯಲ್ಲ. ನಮ್ಮ ವಿಜ್ಞಾನದ ಮೇಡಂ ಮೈದಾನದ ಬೇಲಿ ಪಕ್ಕದ ಎಕ್ಕದ ಗಿಡ ತೋರಿಸಿದರು, ಅಷ್ಟೇ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು. ಮೈಮೇಲೆ ಮೂರು ಜೊತೆ ಕಪ್ಪು ಕೊಂಬು. ಕಂಬಳಿಹುಳು ಅಲ್ಲ, ಮುಟ್ಟಿದರೆ ತುರಿಸುವುದಿಲ್ಲ. ಮರುದಿನದಿಂದ ಮಕ್ಕಳೇ ಟಿಫಿನ್ ಡಬ್ಬಿಯಲ್ಲಿ ಮನೆಗೆ ಒಯ್ಯತೊಡಗಿದರು. ಆ ಕುತೂಹಲಕ್ಕೆ ನಾವು ಬೈಯುವುದಿಲ್ಲ.

ಆದರೂ ಇನ್ನು ಮುಂದೆ ಮನೆಯಲ್ಲಿ ಹುಳು ಸಾಕುವುದು ಬೇಡ.

ಬೇಸರ ಆಗುತ್ತದೆ, ಗೊತ್ತು. ಕೆಲವರು ಬಲೆಯ ಪೆಟ್ಟಿಗೆಯನ್ನೇ ಆನ್‌ಲೈನ್‌ನಲ್ಲಿ ತರಿಸಿದ್ದೀರಿ. ರಥಸಪ್ತಮಿಗೆ ತಲೆ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುವವರಿಗೆ ಈ ಗಿಡ ಹೊಸದೇನಲ್ಲ. ಆದರೆ ಅದರ ಹಾಲು ಕಣ್ಣಿಗೆ ಹೋದರೆ ಜಾಸ್ತಿ ನೋವಿಲ್ಲದೆಯೂ ದೃಷ್ಟಿ ಮಂಜಾಗಬಹುದು. ನೋವಿಲ್ಲ ಅಂತ ಮಗು ಯಾರಿಗೂ ಹೇಳದೇ ಇದ್ದುಬಿಟ್ಟರೆ? ನನಗೆ ಭಯ ಅದು.

"ಎಲೆ ನಾವೇ ಕಿತ್ತು ಕೊಡ್ತೀವಿ. ಅಮೆರಿಕದಲ್ಲಿ ಮೊನಾರ್ಕ್ ಚಿಟ್ಟೆಯನ್ನು ಮನೆಮನೆಯಲ್ಲೂ ಸಾಕಿ ಬಿಟ್ಟು ಉಳಿಸ್ತಾರೆ, ನಮ್ಮ ಮಕ್ಕಳಿಗೇಕೆ ತಡೆ?" ಎಂದು ಒಬ್ಬ ತಂದೆ ಬರೆದಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಎಕ್ಕದ ಗಿಡದ ಕಿತ್ತಳೆ ಚಿಟ್ಟೆ ಮೊನಾರ್ಕ್‌ಗೆ ಹತ್ತಿರದ ನೆಂಟ. ಆದರೆ ಲೆಕ್ಕವಿಲ್ಲದೆ ಸಾಕಿ ಬಿಡುವುದು ಬೇಡ ಎಂದು ಅಲ್ಲಿನ ಅನೇಕ ತಜ್ಞರೇ ಹೇಳುತ್ತಿದ್ದಾರೆ. ಮೊನಾರ್ಕ್ ಚಳಿಗಾಲಕ್ಕೆ ಮೆಕ್ಸಿಕೊದ ಬೆಟ್ಟಗಳಿಗೆ ಹಾರಿ ಹೋಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯದವರ 2019ರ ಅಧ್ಯಯನದಲ್ಲಿ, ಮಾರಾಟಕ್ಕೆಂದು ಸಾಕಿದ ಮೊನಾರ್ಕ್‌ಗಳು ದಕ್ಷಿಣಕ್ಕೆ ಮುಖ ಮಾಡಲಿಲ್ಲ. ಕಾಡು ಮೊನಾರ್ಕ್‌ಗಳ ಸಂತಾನವನ್ನು ಒಳಗಿಟ್ಟು ಬೆಳೆಸಿದಾಗಲೂ ಹಾಗೇ ಆಯಿತು. ಒಂದೇ ಡಬ್ಬಿಯಲ್ಲಿ ಹತ್ತಾರು ಹುಳು ತುಂಬಿದರೆ ರೋಗವೂ ಹರಡುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಪರವಾನಗಿ ಇಲ್ಲದೆ ಮೊನಾರ್ಕ್ ಸಾಕುವಂತಿಲ್ಲ.

ನಮ್ಮ ಚಿಟ್ಟೆಗೆ ಅಷ್ಟು ದೂರದ ಪ್ರಯಾಣವಿಲ್ಲ, ಒಪ್ಪಿದೆ. ಅಳಿದು ಹೋಗುವ ಸ್ಥಿತಿಯೂ ಇಲ್ಲ. ಎಕ್ಕ ಬೆಳೆದ ಖಾಲಿ ಸೈಟುಗಳಲ್ಲಿ ಹುಡುಕಿದರೆ ಸಿಗುತ್ತದೆ. "ನಾವು ಕಾಪಾಡಿದ್ವಿ ಮಿಸ್" ಎಂದು ಮಕ್ಕಳು ಬಂದಾಗ ಅಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ನಿಮಗೆ ಹೇಳಲೇಬೇಕು: ಆ ಗಿಡವನ್ನು ಯಾರೂ ಕಡಿಯದಿದ್ದರೆ ಸಾಕು.

ಮೊನ್ನೆ ಒಬ್ಬ ಹುಡುಗ ಉಪ್ಪಿನಕಾಯಿ ಬಾಟಲಿ ಹಿಡಿದು ನನ್ನ ರೂಮಿಗೆ ಬಂದ. ಕೋಶದಿಂದ ಹೊರಬಂದ ಚಿಟ್ಟೆ ಜೋತುಬಿದ್ದು, ರೆಕ್ಕೆ ಪೂರ್ತಿ ಬಿಚ್ಚಿ ಒಣಗಿಸಿಕೊಳ್ಳಬೇಕು. ಅಲ್ಲಿ ಜಾಗ ಸಾಲದೆ ಒಂದು ರೆಕ್ಕೆ ಮುದುಡಿಕೊಂಡೇ ಒಣಗಿತ್ತು. "ನಾಳೆ ಸರಿಹೋಗುತ್ತಾ ಮಿಸ್?" ಎಂದು ಕೇಳಿದ. ಹೋಗುವುದಿಲ್ಲ. ಒಣಗಿದ ಮೇಲೆ ಮುಗಿಯಿತು.

ಇದು ಶಿಕ್ಷೆ ಅಂತ ಮಕ್ಕಳಿಗೆ ಅನ್ನಿಸಬಾರದು. ಗಿಡದಲ್ಲೇ ಬಿಟ್ಟು ಎಷ್ಟು ಬೇಕಾದರೂ ನೋಡಲಿ. ಮನೆಯ ಕರಿಬೇವಿನಲ್ಲೋ ನಿಂಬೆ ಗಿಡದಲ್ಲೋ ಹಕ್ಕಿ ಹಿಕ್ಕೆಯಂಥ ಹುಳು ಕಂಡರೆ ಅದೂ ಚಿಟ್ಟೆಯದೇ ಇರಬಹುದು. ದೊಡ್ಡದಾದಾಗ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ ವಾಸನೆ ಬಿಡುತ್ತದೆ, ಮಕ್ಕಳಿಗೆ ಭಾರಿ ಮಜಾ. ಒಗ್ಗರಣೆಗೆ ಎಲೆ ಉಳಿಯಲಿಲ್ಲ ಎಂದು ಅಜ್ಜಿ ಗೊಣಗಿದರೆ ಒಂದು ರೆಂಬೆ ನಮ್ಮ ಲೆಕ್ಕಕ್ಕೆ ಬಿಡಿ. ಔಷಧಿ ಮಾತ್ರ ಹೊಡೆಯಬೇಡಿ. ಆದರೆ ಡಬ್ಬಿ, ಬಾಟಲಿ, ಪೆಟ್ಟಿಗೆ ಯಾವುದೂ ಬೇಡ.

ಈಗ ಮನೆಯಲ್ಲಿರುವ ಹುಳುಗಳನ್ನು ಶನಿವಾರದೊಳಗೆ ತಂದ ಗಿಡಕ್ಕೇ ಬಿಟ್ಟುಬಿಡಿ. ಕೋಶವಾಗಿದ್ದರೆ ಶಾಲೆಗೆ ಕಳಿಸಿ, ಆಫೀಸಿನ ಮುಂದಿನ ವರಾಂಡದಲ್ಲಿ ನೇತುಹಾಕುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ