ಐವತ್ತೆರಡರಲ್ಲಿ ಹತ್ತಿದ ಚಿತ್ರಕಥೆಯ ಹುಚ್ಚು

ಮಾನ್ಯರೇ,

ಚಿತ್ರಕಥೆ (ಕಾಮಿಕ್ಸ್) ಎಂದರೆ ಮಕ್ಕಳ ಪುಸ್ತಕ ಎಂದು ಐವತ್ತೆರಡು ವರ್ಷ ನಂಬಿಕೊಂಡು ಬಂದವನು ನಾನು. ಕಳೆದ ಮಳೆಗಾಲದಲ್ಲಿ ಮುಂಬೈಯ ಮಾಟುಂಗಾದ ಕಿಂಗ್ಸ್ ಸರ್ಕಲ್ ಬಳಿ, ಹಳೆಯ ಪುಸ್ತಕಗಳ ಸಾಲಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯಡಿ ಅಮರ ಚಿತ್ರಕಥೆಯ ‘ಕೃಷ್ಣ’ ಕೈಗೆ ಸಿಕ್ಕಿತು. ಲೋಕಲ್ ರೈಲು ಡೊಂಬಿವಲಿ ತಲಪುವಷ್ಟರಲ್ಲಿ ಎರಡು ಸಲ ಓದಿ ಮುಗಿಸಿದ್ದೆ. ಅಂದಿನಿಂದ ಬಿಟ್ಟಿಲ್ಲ.

ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಒಡೆದ ಮಡಕೆ. ನಡುವಿನ ಬಿಳಿಯ ಗೆರೆಯಲ್ಲಿ ನಡೆದದ್ದನ್ನೆಲ್ಲ ಓದುಗನೇ ಕಟ್ಟಿಕೊಳ್ಳಬೇಕು. ಇಷ್ಟು ಕೆಲಸ ಕೇಳುವ ಓದು ಹಗುರವಾದದ್ದು ಹೇಗಾದೀತು? ‘ಕೃಷ್ಣ’ಕ್ಕೆ ಚಿತ್ರ ಬರೆದ ರಾಮ್ ವಾಯೀರ್ಕರ್ ಅವರ ಗೆರೆಗಳನ್ನು ಬೆರಳಿಟ್ಟು ನೋಡುತ್ತ ಕುಳಿತ ಸಂಜೆಗಳಿಗೆ ಲೆಕ್ಕವಿಲ್ಲ.

1967ರಲ್ಲಿ ಅಮರ ಚಿತ್ರಕಥೆ ಮಾಲಿಕೆಯನ್ನು ಹುಟ್ಟುಹಾಕಿದ, 1980ರಲ್ಲಿ ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆ ತಂದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿ ಮುಂಬೈಗೆ ಬಂದವರು. ನಮ್ಮವರೇ ಎನ್ನುವ ಹೆಮ್ಮೆ ನನಗೆ ಈಗ ಬಂದಿದೆ, ತಡವಾಗಿ.

ಆದರೆ ಇಲ್ಲಿನ ಒಂದು ಕನ್ನಡ ವಾಚನಾಲಯದಲ್ಲಿ ಚಿತ್ರಕಥೆ ಕೇಳಿದಾಗ, “ಅವೂ ಪುಸ್ತಕಗಳೇ?” ಎಂದರು. ಬಹಳ ನೋವಾಯಿತು. ಇಂಗ್ಲಿಷ್ ಶಾಲೆಗೆ ಹೋಗುವ ನನ್ನ ಅಣ್ಣನ ಮೊಮ್ಮಗಳು ಕನ್ನಡದ ಒತ್ತಕ್ಷರಕ್ಕೆ ತಡವರಿಸುತ್ತಿದ್ದವಳು. ಈಗ ಪಾತ್ರಗಳ ಬಾಯಿಂದ ಹೊರಟ ಗುಳ್ಳೆಗಳೊಳಗಿನ ಮಾತುಗಳನ್ನು ಗಟ್ಟಿಯಾಗಿ, ರಾಗವೆಳೆದು ಓದುತ್ತಾಳೆ. ಮುಂಬೈಯ ಕನ್ನಡ ಸಂಘಗಳು ತಮ್ಮ ಗ್ರಂಥಾಲಯಗಳಲ್ಲಿ ಕನ್ನಡ ಚಿತ್ರಕಥೆಗಳಿಗೆ ಒಂದು ಕಪಾಟನ್ನಾದರೂ ಮೀಸಲಿಡಲಿ. ನನ್ನ ಬಳಿ ಎರಡೆರಡಿರುವ ಪ್ರತಿಗಳನ್ನು ನಾನೇ ತಂದು ಕೊಡುತ್ತೇನೆ.

– ಓರ್ವ ಓದುಗ, ಡೊಂಬಿವಲಿ